ಅಡವಿಟ್ಟ ಮುಳ್ಳಿನ ಕಿರೀಟ

ಪ್ಯಾರಿಸ್

ಪ್ರೀತಿಯ ಅಪ್ಪನಿಗೆ ನಮಸ್ಕಾರ,

ನಾನು ಆರಾಮಾಗಿದ್ದೇನೆ. ಚಳಿ ಮಾತ್ರ ಜಾಸ್ತಿ. ಎಂಟುನೂರು ವರ್ಷ ಹಿಂದಿನ ಫ್ರೆಂಚ್ ರಾಜನನ್ನು ಕಟ್ಟಿಕೊಂಡು ನಿನಗೇನಾಗಬೇಕು ಅಂತ ಫೋನಿನಲ್ಲಿ ಕೇಳಿದ್ರಲ್ಲ, ಬ್ಯಾಂಕಿನಲ್ಲಿ ಚಿನ್ನದ ಸಾಲ ನೋಡಿಕೊಂಡವರು ನೀವು, ಈ ಕತೆ ನಿಮಗೆ ಹಿಡಿಸಲೇಬೇಕು.

ಯೇಸುವಿನ ತಲೆಗೆ ತೊಡಿಸಿದ್ದು ಎಂದು ಜನ ನಂಬಿದ್ದ ಮುಳ್ಳಿನ ಕಿರೀಟ ಕಾನ್‌ಸ್ಟಾಂಟಿನೋಪಲ್‌ನಲ್ಲಿ, ಅಂದ್ರೆ ಈಗಿನ ಇಸ್ತಾಂಬುಲ್‌ನಲ್ಲಿತ್ತು. ಅಲ್ಲಿನ ಚಕ್ರವರ್ತಿ ಬಾಲ್ಡ್ವಿನ್‌ನ ಖಜಾನೆ ಖಾಲಿ. ಅವನ ಕಡೆಯವರು ಕಿರೀಟವನ್ನು ವೆನಿಸ್ಸಿನ ಒಬ್ಬ ಸಾಹುಕಾರನಲ್ಲಿ ಅಡವಿಟ್ಟರು. ಫ್ರಾನ್ಸಿನ ಒಂಬತ್ತನೇ ಲೂಯಿ ದುಡ್ಡು ಕಟ್ಟಿ ಬಿಡಿಸಿಕೊಂಡ. ಅವನಿಗೆ ತಗುಲಿದ್ದು 1,35,000 ಲಿವ್ರ್ (ಆಗಿನ ಫ್ರೆಂಚ್ ಹಣ) ಅಂತಾರೆ. ಅದನ್ನಿಡಲು ಇಲ್ಲಿ ಪ್ಯಾರಿಸ್ಸಿನಲ್ಲಿ ಕಟ್ಟಿಸಿದ ಸೇಂಟ್ ಶಾಪೆಲ್ ಎಂಬ ಪ್ರಾರ್ಥನಾ ಮಂದಿರಕ್ಕೆ ಆದ ಖರ್ಚು ಸುಮಾರು 40,000 ಅಷ್ಟೇ! ಪವಿತ್ರ ವಸ್ತುವನ್ನು ದುಡ್ಡಿಗೆ ಕೊಳ್ಳುವಂತಿಲ್ಲ, ಅಲ್ವಾ? ಹಾಗಾಗಿ ಚಕ್ರವರ್ತಿ ಕಾಣಿಕೆ ಕೊಟ್ಟ, ಇವನು ಸುಮ್ನೆ ಸಾಲ ತೀರಿಸಿದ, ಅಂತ ಹೇಳಿಕೊಂಡರು. 1239ರ ಆಗಸ್ಟಿನಲ್ಲಿ ರಾಜ ಬರಿಗಾಲಲ್ಲಿ, ಬರೀ ಒಂದು ಅಂಗಿಯಲ್ಲಿ, ತಮ್ಮನ ಜೊತೆ ಅದನ್ನು ಹೊತ್ತುಕೊಂಡು ಸಾನ್ಸ್ ಪಟ್ಟಣ ಹೊಕ್ಕ. ಆ ಮೆರವಣಿಗೆಯನ್ನು ನೋಡಿದವರಿಗೆ ಅಡವಿನ ಚೀಟಿ ಎಲ್ಲಿ ನೆನಪಿರಬೇಕು!

ಇನ್ನು ಅಮ್ಮನಿಗೆ ಓದಿ ಹೇಳಬೇಕಾದ ಭಾಗ. 1248ರಲ್ಲಿ ಲೂಯಿ ಕ್ರೂಸೇಡ್, ಅಂದ್ರೆ ಕ್ರೈಸ್ತರ ಧರ್ಮಯುದ್ಧಕ್ಕೆ ಹೊರಟ. ಈಜಿಪ್ಟಿನ ಡಾಮಿಯೆಟ್ಟಾ ಪಟ್ಟಣ ಸುಲಭವಾಗಿ ಸಿಕ್ಕಿತು, ಆಮೇಲೆ ಎಲ್ಲ ಕೆಟ್ಟಿತು. 1250ರ ಏಪ್ರಿಲ್‌ನಲ್ಲಿ ರಾಜನೇ ಸೆರೆ ಸಿಕ್ಕ. ರಾಣಿ ಮಾರ್ಗರೇಟ್ ಡಾಮಿಯೆಟ್ಟಾದಲ್ಲಿ ತುಂಬು ಗರ್ಭಿಣಿ. ಸುದ್ದಿ ಬಂದ ಮೂರೇ ದಿನಕ್ಕೆ ಹೆರಿಗೆ. ಅದೇ ದಿನ ಇಟಲಿಯ ಪೀಸಾ, ಜಿನೋವಾದ ಹಡಗಿನವರು ಊರು ಬಿಟ್ಟು ಹೊರಡುತ್ತಾರೆಂದು ತಿಳಿಯಿತು. ಅವರು ಹೋದರೆ ಊರು ಕೈತಪ್ಪಿದಂತೆಯೇ. ಬಾಣಂತಿ ಅವರನ್ನು ಮಂಚದ ಹತ್ತಿರ ಕರೆಸಿದಳು. ನಮಗೆ ಹೊಟ್ಟೆಗಿಲ್ಲ ಅಂದರು. ಊರಿನ ಆಹಾರವನ್ನೆಲ್ಲ ತಾನೇ ಕೊಂಡು, ರಾಜನ ಖರ್ಚಿನಲ್ಲಿ ಎಲ್ಲರಿಗೂ ಊಟ ಹಾಕಿ ಉಳಿಸಿಕೊಂಡಳು. ಲೂಯಿಯ ಜೊತೆ ಸೆರೆಯಲ್ಲಿದ್ದ ಜ್ವಾನ್‌ವಿಲ್ ಮುಂದೆ ಇದನ್ನೆಲ್ಲ ಬರೆದಿಟ್ಟ. ಕೊನೆಗೆ ಆ ಊರನ್ನೇ ಬಿಟ್ಟುಕೊಟ್ಟು ರಾಜನನ್ನು ಬಿಡಿಸಿಕೊಂಡರು. ಅವಳು ಅದನ್ನು ಕೈಜಾರಲು ಬಿಟ್ಟಿದ್ದರೆ ಬದಲಿಗೆ ಕೊಡಲು ಏನಿತ್ತು?

1297ರಲ್ಲಿ ಲೂಯಿಯನ್ನು ಸಂತನೆಂದು ಸಾರಿದರು. ಮಾರ್ಗರೇಟಳಿಗೆ ಅಂಥದ್ದೇನೂ ಇಲ್ಲ. ನನ್ನ ಪ್ರಬಂಧ ರಾಜನ ಮೆರವಣಿಗೆಗಳ ಬಗ್ಗೆ. ಮನಸ್ಸು ಮಾತ್ರ ರಾಣಿಯ ಕಡೆ ವಾಲುತ್ತಿದೆ. ಗೈಡ್‌ಗೆ ಇನ್ನೂ ಹೇಳಿಲ್ಲ.

ಬಿಪಿ ಮಾತ್ರೆ ತಪ್ಪಿಸಬೇಡಿ. ಅಮ್ಮ ಚಟ್ನಿಪುಡಿ ಕಳಿಸುವುದಾದರೆ ಖಾರ ಸ್ವಲ್ಪ ಮುಂದಿರಲಿ.

ನಿಮ್ಮ ಮಗಳು