ಸೆಮಿ ಹಾಲೋ ಗಿಟಾರ್ ಜಾಝ್‌ಗೆ ಮಾತ್ರಾನಾ?

ಸಂಪಾದಕರಿಗೆ ನಮಸ್ಕಾರ,

ಮೊದಲ ಎಲೆಕ್ಟ್ರಿಕ್ ಗಿಟಾರ್ ಯಾವ್ದು ತಗೋಬೇಕು ಅಂತ ನಿಮ್ಮಲ್ಲಿ ಬಂದಿದ್ದ ಬರಹ ಓದಿದೆ, ಚೆನ್ನಾಗಿತ್ತು, ಆದ್ರೆ ಸೆಮಿ ಹಾಲೋನ (ಅರ್ಧ ಗಟ್ಟಿ, ಅರ್ಧ ಟೊಳ್ಳು ಬಾಡಿ ಇರೋ ಗಿಟಾರ್) 'ಜಾಝ್ ನುಡಿಸೋರಿಗೆ' ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದು ಯಾಕೋ ಒಪ್ಪಲಿಲ್ಲ. ನಾನು ಕಮ್ಮಿ ಬೆಲೆದೊಂದು ಸೆಮಿ ಹಾಲೋ ಇಟ್ಕೊಂಡೇ ಬ್ಲೂಸು, ರಾಕು, ಹಾಡೋರ ಹಿಂದೆ ಬರೀ ಕಾರ್ಡ್ಸು ಎಲ್ಲಾ ನುಡಿಸ್ತಾ ಇರೋನು.

ಹಿಂದೆ ಪೂರ್ತಿ ಟೊಳ್ಳು ಗಿಟಾರ್‌ಗಳು ಆಂಪ್ (ಗಿಟಾರ್ ಸದ್ದು ದೊಡ್ಡದು ಮಾಡೋ ಪೆಟ್ಟಿಗೆ) ಜೋರು ಮಾಡಿದ ತಕ್ಷಣ ಊಳಿಡೋಕೆ ಶುರು ಮಾಡ್ತಿದ್ವು. ಅದಕ್ಕೇ ಗಿಬ್ಸನ್ ಕಂಪನಿಯವ್ರು 1958ರಲ್ಲಿ ಇಎಸ್-335 ಅನ್ನೋ ಗಿಟಾರ್ ತಂದಾಗ ಬಾಡಿ ಮಧ್ಯಕ್ಕೆ ಉದ್ದಕ್ಕೂ ಗಟ್ಟಿ ಮರದ ಬ್ಲಾಕ್ ಕೂರಿಸಿ ಎರಡೂ ಪಕ್ಕ ಮಾತ್ರ ಟೊಳ್ಳು ಬಿಟ್ರು. ಇವತ್ತಿನ ಕಮ್ಮಿ ಬೆಲೆಯ ಸೆಮಿ ಹಾಲೋಗಳಲ್ಲಿ ಬಹುಪಾಲು ಅದೇ ಲೆಕ್ಕಾಚಾರ.

ಜನ ಮೋಸ ಹೋಗೋದು ಇಲ್ಲೇ. ಎಪಿಫೋನ್ ಕ್ಯಾಸಿನೋ ಹೊರಗಿಂದ ನೋಡಿದ್ರೆ ಥೇಟ್ 335 ಥರಾನೇ, ಆದ್ರೆ ಒಳಗೆ ಬ್ಲಾಕ್ ಇಲ್ಲ, ಪೂರ್ತಿ ಟೊಳ್ಳು. ಐಬನೆಝ್ ಕಂಪನಿಯ ಆರ್ಟ್‌ಕೋರ್ ಗಿಟಾರ್‌ಗಳಲ್ಲೂ ಮಾಡೆಲ್ ಹೆಸರಲ್ಲಿ ಎಎಸ್ ಅಂದ್ರೆ ಸೆಮಿ ಹಾಲೋ, ಎಎಫ್ ಅಂದ್ರೆ ಹಾಲೋ, ಅಂದ್ರೆ ಪೂರ್ತಿ ಟೊಳ್ಳು. ಫೋಟೋ ನೋಡಿ ಆರ್ಡರ್ ಮಾಡಿ ಆಮೇಲೆ ಡಿಸ್ಟಾರ್ಷನ್ (ಸದ್ದನ್ನ ಒರಟು ಮಾಡೋ ಎಫೆಕ್ಟ್) ಹಾಕಿದ್ರೆ ಕೂಗುತ್ತೆ ಅಂತ ಗಿಟಾರನ್ನ ಬೈದ್ರೆ ಪಾಪ ಅದೇನ್ ಮಾಡುತ್ತೆ? ಕೈಗೆ ಸಿಕ್ಕಾಗ ಎಫ್ ಹೋಲ್‌ಗೆ (ಬಾಡಿ ಮೇಲಿರೋ f ಆಕಾರದ ತೂತು) ಮೊಬೈಲ್ ಟಾರ್ಚ್ ಬಿಟ್ಟು ನೋಡಿ, ಪಿಕಪ್ (ತಂತಿ ಸದ್ದು ಹಿಡಿಯೋ ಆಯಸ್ಕಾಂತದ ಭಾಗ) ಇರೋ ಕಡೆಗೆ ಮರದ ಗೋಡೆ ಅಡ್ಡ ಕಂಡ್ರೆ ಬ್ಲಾಕ್ ಇದೆ ಅಂತ ಅರ್ಥ.

ಪ್ಲೈವುಡ್ ಬಾಡಿ ಅಂತ ಮೂಗು ಮುರಿಯೋರೂ ಇದಾರೆ, ಸ್ವಾಮಿ, ಆ ಹಳೇ 335ನೇ ಪದರ ಪದರ ಅಂಟಿಸಿದ ಮರದ್ದು! ದುಡ್ಡು ಕಮ್ಮಿ ಇದ್ದಾಗ ನೋಡ್ಬೇಕಾಗಿರೋದು ನಟ್ (ಕುತ್ತಿಗೆ ತುದೀಲಿ ತಂತಿ ಕೂರೋ ಸಂದಿಗಳ ಪಟ್ಟಿ), ಫ್ರೆಟ್ (ಕುತ್ತಿಗೆ ಮೇಲಿನ ಲೋಹದ ಅಡ್ಡ ಕಡ್ಡಿ) ಅಂಚು, ಟ್ಯೂನಿಂಗ್ ಕೀ. ತಂತಿ ಬೆಂಡ್ ಮಾಡಿ ಬಿಟ್ಟಾಗ ಶ್ರುತಿ ತಪ್ಪಿದ್ರೆ ಎಷ್ಟೋ ಸಲ ತಪ್ಪು ನಟ್‌ದೇ, ಆ ಸಂದಿಗೆ ಪೆನ್ಸಿಲ್ ಸೀಸ ಉಜ್ಜಿದ್ರೂ ಸಾಕಾಗುತ್ತೆ.

ಇನ್ನೊಂದು ಯಾರೂ ಹೇಳಲ್ಲ. ನನ್ನ ಗಿಟಾರ್‌ನ ಜ್ಯಾಕ್ (ಕೇಬಲ್ ಚುಚ್ಚೋ ಸಾಕೆಟ್) ಹಿಡಿದಿರೋ ನಟ್ಟು ಸಡಿಲ ಆಗಿತ್ತು, ಆಮೇಲೆ ಬಿಗಿ ಮಾಡೋಣ ಅಂತ ಬಿಟ್ಟೆ, ಒಂದಿನ ಕೇಬಲ್ ಚುಚ್ಚಿದಾಗ ಜ್ಯಾಕ್ ಸೀದಾ ಹೊಟ್ಟೆ ಒಳಗೆ ಬಿತ್ತು, ಹಿಂದೆ ಬಿಚ್ಚೋಕೆ ಮುಚ್ಚಳಾನೂ ಇಲ್ಲ. ದಾರ ಕಟ್ಟಿ ಎಫ್ ಹೋಲಿಂದ ಮೀನು ಹಿಡಿದ ಹಾಗೆ ಎಳೆದು ಕೂರಿಸೋ ಹೊತ್ತಿಗೆ ಅರ್ಧ ದಿನ ಹೋಯ್ತು. ಪಿಕಪ್ ಬದಲಾಯಿಸೋಕೂ ವೈರುಗಳನ್ನ ಹೀಗೇ ಎಳೀಬೇಕಾಗುತ್ತೆ, ಅದಕ್ಕೇ ಅಗ್ಗಕ್ಕೆ ತಗೊಂಡು ಆಮೇಲೆ ಪಿಕಪ್ ಬದಲಾಯಿಸ್ಕೊಳ್ತೀನಿ ಅನ್ನೋರು ಸ್ವಲ್ಪ ಯೋಚ್ನೆ ಮಾಡಿ.

ಶೈಲಿ ವಿಷ್ಯಕ್ಕೆ ಬಂದ್ರೆ, ನೆಕ್ ಪಿಕಪ್ (ಕುತ್ತಿಗೆ ಕಡೆದು) ಹಾಕಿ ಟೋನ್ ಇಳಿಸಿದ್ರೆ ಜಾಝು, ಎರಡೂ ಪಿಕಪ್ ಸೇರಿಸಿದ್ರೆ ರಿದಮ್ಮು, ಬ್ರಿಜ್ ಪಿಕಪ್‌ಗೆ (ತಂತಿಗಳ ಕೆಳತುದಿ ಕಡೆದು) ಆಂಪಲ್ಲಿ ಸ್ವಲ್ಪ ಗೇನ್, ಅಂದ್ರೆ ಒರಟುತನ ಕೊಟ್ರೆ ಚೆಂದದ ರಾಕು. ಬರೀ ಹೆವಿ ಮೆಟಲ್ ನುಡಿಸೋರಾದ್ರೆ ಸಾಲಿಡ್ ಬಾಡಿನೇ (ಟೊಳ್ಳಿಲ್ಲದ ಗಟ್ಟಿ ಮರದ್ದು) ತಗೊಳ್ಳಿ, ನನ್ನ ತಕರಾರಿಲ್ಲ. 335 ಸೈಜು ಮೈಗೆ ದೊಡ್ಡದಾಯ್ತು ಅನ್ನಿಸಿದ್ರೆ 339 ಥರದ ಸಣ್ಣದೂ ಇದೆ.

ಮುಂದಿನ ಸಲ ಇದರ ಬಗ್ಗೆ ಬರೆದು ಫೋಟೋ ಹಾಕೋದಾದ್ರೆ ದಯವಿಟ್ಟು ಹೊರಗಿಂದು ಬೇಡ, ಎಫ್ ಹೋಲ್ ಒಳಗಿಂದು ಹಾಕಿ.

— ನಿಮ್ಮ ಓದುಗ