ಇಂದು ಏನು ಬೇಡಿಕೊಳ್ಳಲಿ?

ಎಂಟು ತಿಂಗಳ ನಂತರ ಕಳೆದ ಸೋಮವಾರ ಗುಳೇದಗುಡ್ಡದ ನಮ್ಮ ಶಾಲೆಯ ಕಪ್ಪುಹಲಗೆಯ ಮೇಲೆ ದಿನಾಂಕ ಬರೆದೆ. ಅಕ್ಷರ ಸೊಟ್ಟಗಾಗಿದ್ದವು. ಮಕ್ಕಳು ನಗಲಿಲ್ಲ, ಅದೇ ಸ್ವಲ್ಪ ಬೇಸರ. ಒಬ್ಬೊಬ್ಬರ ಮನೆಗೂ ಹೋಗಿ ಕೈಮುಗಿಯುವಷ್ಟು ಬಲ ಕಾಲಿಗೆ ಇನ್ನೂ ಬಂದಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಕಾಯಿಲೆಯ ಹೆಸರು ಗಿಲಾನ್-ಬಾರೆ ಸಿಂಡ್ರೋಮ್. ಹೊಟ್ಟೆ ಕೆಟ್ಟು ವಾಸಿಯಾಗಿ ಎರಡು ವಾರ ಕಳೆದಿತ್ತು. ಸೋಂಕಿನೊಡನೆ ಹೋರಾಡಬೇಕಾದ ದೇಹದ ರಕ್ಷಣಾ ಶಕ್ತಿ ದಾರಿತಪ್ಪಿ ನರಗಳ ಮೇಲೆಯೇ ಬೀಳುತ್ತದಂತೆ. ಮೊದಲು ಪಾದ ಜೋಮು ಹಿಡಿಯಿತು, ಮರುದಿನ ಮೊಣಕಾಲು ಸೋತಿತು, ಮೂರನೆಯ ದಿನ ಬಾಗಲಕೋಟೆಯ ಆಸ್ಪತ್ರೆ ಸೇರಿದೆ. ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸುತ್ತೀರಿ ಎಂದು ವೈದ್ಯರು ಕೇಳಿದರು. 28. ಮರುದಿನ 17. ಅದರ ಮರುದಿನ 11ಕ್ಕೆ ನಿಂತುಬಿಟ್ಟೆ. ನಾನು ಗಣಿತದ ಮೇಷ್ಟ್ರು. ಅಂದು ರಾತ್ರಿಯೇ ವೆಂಟಿಲೇಟರ್ ಹಾಕಿದರು.

ಈ ಕಾಯಿಲೆಯಲ್ಲಿ ಕೈಕಾಲು ಸತ್ತಂತಿದ್ದರೂ ಬುದ್ಧಿ ಎಚ್ಚರವಾಗಿರುತ್ತದೆ. ನನ್ನ ಬಗ್ಗೆ ಸುತ್ತಲಿನವರು ಆಡಿದ ಮಾತೆಲ್ಲ ಕೇಳಿಸುತ್ತಿತ್ತು. ದಿನವೂ ಎಂಟು ಗಂಟೆಗೆ ಹೆಂಡತಿ ಕಿವಿಯ ಬಳಿ ಹೇಳುತ್ತಿದ್ದಳು, "ಅತ್ತೆ ಫೋನ್ ಮಾಡಿದ್ದರು."

ಈ ಸೋದರತ್ತೆ ಗದಗ-ಬೆಟಗೇರಿಯ ಬಾಸೆಲ್ ಮಿಷನ್ ಆಸ್ಪತ್ರೆಯಲ್ಲಿ, ಜನರ ಬಾಯಲ್ಲಿ ಜರ್ಮನ್ ಆಸ್ಪತ್ರೆ ಎಂದೇ ಉಳಿದಿರುವಲ್ಲಿ, ನರ್ಸ್ ಆಗಿ ನಿವೃತ್ತರಾದವರು. ಅವರ ಪ್ರಶ್ನೆ ದಿನವೂ ಒಂದೇ: "ಇಂದು ಏನು ಬೇಡಿಕೊಳ್ಳಲಿ?" ಗುಣವಾಗಲಿ ಎಂದು ಬೇಡಿದರೆ ಸಾಲದೇ ಎಂದು ಹೆಂಡತಿ ಒಮ್ಮೆ ಕೇಳಿದಳಂತೆ. "ವೈದ್ಯರ ಮುಂದೆ ಕುಳಿತು ಆರಾಮಿಲ್ಲ ಎಂದಷ್ಟೇ ಹೇಳಿ ಎದ್ದು ಬರುತ್ತೀಯಾ? ಎಲ್ಲಿ ಎಂದು ಹೇಳಬೇಡವೇ?" ಎಂದರಂತೆ. ಒಂದು ದಿನ ಕಫಕ್ಕಾಗಿ, ಒಂದು ದಿನ ಏರಿಳಿಯುವ ರಕ್ತದೊತ್ತಡಕ್ಕಾಗಿ, ಇನ್ನೊಂದು ದಿನ ರಾತ್ರಿ ಪಾಳಿಯ ಸಿಸ್ಟರ್‌ಗೆ ನಿದ್ದೆ ಬಾರದಿರಲಿ ಎಂದೂ ಅವರು ಬೇಡಿದ್ದುಂಟು.

ಸಂಜೆ ಉತ್ತರ ಹೇಳಲೇಬೇಕಲ್ಲ, ಹಾಗಾಗಿ ಹೊರಗೆ ಕುಳಿತು ಅಳುತ್ತಿದ್ದ ಹೆಂಡತಿ ಒಳಗೆ ಬಿಟ್ಟಾಗಲೆಲ್ಲ ನನ್ನನ್ನು ದಿಟ್ಟಿಸಿ ನೋಡತೊಡಗಿದಳು. ಬೆನ್ನಿನ ಕೆಳಗೆ ಕೆಂಪಾಗಿದ್ದು ಮೊದಲು ಕಂಡದ್ದು ಅವಳಿಗೇ. ಸಿಸ್ಟರ್‌ಗೆ ಹೇಳಿದಳು, ಮಗ್ಗುಲು ಬದಲಿಸಿದರು, ಹುಣ್ಣಾಗಲಿಲ್ಲ. ಪ್ರಾರ್ಥನೆಗೆ ಉತ್ತರ ಹೀಗೂ ಬರುತ್ತದೆ ಎಂದು ನಾನು ಮೊದಲು ಯೋಚಿಸಿರಲಿಲ್ಲ.

ನಮ್ಮ ಓಣಿಯ ಖಣ ನೇಯುವ ಕಾಕಾ ದೊಡ್ಡ ಪ್ರಾರ್ಥನೆ ಮಾಡಬಲ್ಲವರಲ್ಲ. ಸಭೆಯಲ್ಲಿ ಎದ್ದು ನಿಲ್ಲಲೂ ಸಂಕೋಚ. ಲಾಳಿಗೆ ನೂಲು ಸುತ್ತಿದ ಹೊಸ ಕಂಡಿಕೆ ಹಾಕುವಾಗಲೆಲ್ಲ ನನ್ನ ಹೆಸರು ಹೇಳುತ್ತಿದ್ದರಂತೆ. ಒಂದು ಖಣಕ್ಕೆ ಎಷ್ಟು ಸಲವಾಯಿತೋ, ಲೆಕ್ಕ ಕೇಳಿದರೆ ಅವರು ನಗುತ್ತಾರೆ.

ಒಂದು ಮಾತು ನೋಯಿಸಿತು, ಅದನ್ನೂ ಬರೆಯುತ್ತೇನೆ. ನೋಡಲು ಬಂದವರೊಬ್ಬರು ಹಾಸಿಗೆಯ ಪಕ್ಕದಲ್ಲೇ ನಿಂತು, ನಂಬಿಕೆ ಸಾಲದ್ದರಿಂದ ವಾಸಿಯಾಗುತ್ತಿಲ್ಲ ಎಂದು ಹೆಂಡತಿಗೆ ಹೇಳಿ ಹೋದರು. ಉತ್ತರ ಕೊಡಲು ನನಗೆ ಬಾಯಿರಲಿಲ್ಲ, ಈಗ ಇದೆ. ಪೌಲನ ಮೈಗೆ ತಾಗಿದ ಕೈವಸ್ತ್ರದಿಂದಲೂ ರೋಗಿಗಳು ಗುಣವಾದರೆಂದು ಬೈಬಲಿನ ಅಪೊಸ್ತಲರ ಕೃತ್ಯಗಳಲ್ಲಿ ಓದುತ್ತೇವೆ. ಅದೇ ಪೌಲನು ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲಿ, ಅಸ್ವಸ್ಥನಾಗಿದ್ದ ಜೊತೆಗಾರ ತ್ರೊಫಿಮನನ್ನು ಮಿಲೇತ ಊರಿನಲ್ಲಿ ಬಿಟ್ಟುಬಂದೆ ಎನ್ನುತ್ತಾನೆ. ಯಾರ ನಂಬಿಕೆ ಕಡಿಮೆಯಿತ್ತೆಂದು ಬರೆಯುವುದಿಲ್ಲ. ಪಕ್ಕದ ಹಾಸಿಗೆಯಲ್ಲಿ ಹುನಗುಂದ ಕಡೆಯ ಲಾರಿ ಚಾಲಕನೊಬ್ಬನಿದ್ದ. ಅವನ ಹೆಸರನ್ನೂ ಅತ್ತೆ ಕೇಳಿ ತಿಳಿದು ದಿನವೂ ಬೇಡುತ್ತಿದ್ದರು. ಅವನು ಉಳಿಯಲಿಲ್ಲ. ಅತ್ತೆ ಈಗ ಅವನ ತಾಯಿಗಾಗಿ ಬೇಡುತ್ತಾರೆ.

ನಮ್ಮ ಸಭಾಪಾಲಕರಿಗೆ, ಶುಕ್ರವಾರ ಉಪವಾಸವಿದ್ದ ಮಹಿಳೆಯರಿಗೆ, ನನ್ನ ತರಗತಿ ತೆಗೆದುಕೊಂಡ ಸಹೋದ್ಯೋಗಿಗಳಿಗೆ ಋಣಿ. ಅವರಲ್ಲೊಬ್ಬರು ಬಾದಾಮಿಯ ಬನಶಂಕರಿಗೆ ಹರಕೆ ಹೊತ್ತಿದ್ದರಂತೆ, ಅವರಿಗೂ. ಐದು ದಿನ ನನ್ನ ರಕ್ತನಾಳಕ್ಕೆ ಹರಿಸಿದ ಇಮ್ಯುನೊಗ್ಲಾಬ್ಯುಲಿನ್ ಔಷಧಿಯನ್ನು ಸಾವಿರಾರು ದಾನಿಗಳ ರಕ್ತದಿಂದ ಬೇರ್ಪಡಿಸಿ ತಯಾರಿಸುತ್ತಾರೆ. ಯಾರೆಂದು ಗೊತ್ತಿಲ್ಲದ ಆ ಸಾವಿರಾರು ಜನರಿಗೆ ಹೇಗೆ ತಿಳಿಸುವುದು? ರಾತ್ರಿಯ ಪ್ರಾರ್ಥನೆಯಲ್ಲಿ ಅವರನ್ನು ಒಟ್ಟಿಗೆ ನೆನೆಯುತ್ತೇನೆ.

ವೆಂಟಿಲೇಟರ್ ತೆಗೆದ ದಿನ ಎಲ್ಲರೂ ಸ್ತೋತ್ರ ಹೇಳಿದರು. ಹೆಚ್ಚಿನವರ ಫೋನ್ ಅಲ್ಲಿಗೆ ನಿಂತಿತು, ತಪ್ಪೇನಲ್ಲ, ಅವರಿಗೂ ಸಂಸಾರವಿದೆ. ಆದರೆ ಹಾಳಾದ ನರ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಮಾತ್ರ. ಅತ್ತೆ ಆ ಮಿಲಿಮೀಟರಿನ ಜೊತೆಯಲ್ಲೇ ನಡೆದು ಬಂದರು: ಚಮಚ ಹಿಡಿಯಲು ಒಂದು ವಾರ, ಅಂಗಿಯ ಗುಂಡಿಗೆ ಮೂರು ವಾರ, ಮೆಟ್ಟಿಲಿಗೆ ಎರಡು ತಿಂಗಳು.

ನಿನ್ನೆ ಎಂಟಕ್ಕೆ ಫೋನನ್ನು ನಾನೇ ಎತ್ತಿದೆ. ಬಲಪಾದ ಇನ್ನೂ ಎಳೆಯುತ್ತದೆ ಎಂದು ಹೇಳಿದೆ. ಆಮೇಲೆ, ಎಂಟು ತಿಂಗಳಲ್ಲಿ ಮೊದಲ ಸಲ, "ನಿಮಗೆ ಏನು ಬೇಡಿಕೊಳ್ಳಲಿ ಅತ್ತೆ?" ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ.

"ಮೊಣಕಾಲು" ಎಂದರು. "ಎಡದ್ದು."