ಧಾರಾವಾಹಿ ನಿಲ್ಲಿಸುವ ಮುನ್ನ ಪ್ರೇಕ್ಷಕರಿಗೆ ತಿಳಿಸಿ

ಮಾನ್ಯ ಸಂಪಾದಕರೇ,

ಬದಿಯಡ್ಕದ ನಮ್ಮ ಮನೆಯ ಚಾವಡಿಯಲ್ಲಿ ಅಡಕೆ ಸುಲಿಯಲು ಕುಳಿತವರೆಲ್ಲ ಮಧ್ಯಾಹ್ನದ ಹೊತ್ತು ತಪ್ಪದೆ ನೋಡುತ್ತಿದ್ದ ಕನ್ನಡ ಧಾರಾವಾಹಿಯೊಂದು, ಕತೆ ಇನ್ನೂ ಅರ್ಧದಲ್ಲಿರುವಾಗಲೇ, ಯಾವ ಮುನ್ಸೂಚನೆಯೂ ಇಲ್ಲದೆ ನಿಂತುಹೋಗಿದೆ. ಮಲಯಾಳದ ನಡುವೆ ಬದುಕುವ ನಮ್ಮ ಮನೆಯ ಹಿರಿಯರಿಗೆ ದಿನವೂ ಕಿವಿಗೆ ಬೀಳುವ ಕನ್ನಡವೆಂದರೆ ಬಹುಮಟ್ಟಿಗೆ ಅದೇ ಆಗಿತ್ತು.

ಹಣ ಹೂಡುವವರ ಲೆಕ್ಕಾಚಾರದ ಮೇಲೆ ಧಾರಾವಾಹಿಯ ಆಯುಷ್ಯ ನಿಂತಿರುವುದು ಹೊಸತಲ್ಲ. ಅಮೆರಿಕದ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಸಾಬೂನು ಕಂಪನಿಯು ಹಗಲಿನಲ್ಲಿ ಮನೆಯಲ್ಲಿರುವ ಗೃಹಿಣಿಯರನ್ನು ತಲುಪಲು ಜಾಹೀರಾತು ಕೊಟ್ಟಷ್ಟಕ್ಕೇ ಸುಮ್ಮನಾಗದೆ, ತಾನೇ ನಿರ್ಮಾಪಕನಾಗಿ ಧಾರಾವಾಹಿಗಳ ಒಡೆತನವನ್ನೂ ಹೊಂದಿತ್ತು. 1937ರಲ್ಲಿ ರೇಡಿಯೊದಲ್ಲಿ ಆರಂಭವಾಗಿ 1952ರಲ್ಲಿ ಟಿ.ವಿ.ಗೆ ಬಂದ ‘ಗೈಡಿಂಗ್ ಲೈಟ್’ 2009ರಲ್ಲಿ ಮುಗಿಯಿತು. 1956ರ ‘ಆ್ಯಸ್ ದ ವರ್ಲ್ಡ್ ಟರ್ನ್ಸ್’ ನಿಲ್ಲುವ ಸುದ್ದಿ 2009ರ ಡಿಸೆಂಬರಿನಲ್ಲೇ ಪ್ರಕಟವಾದರೂ ಕೊನೆಯ ಕಂತು ಪ್ರಸಾರವಾದದ್ದು 2010ರ ಸೆಪ್ಟೆಂಬರಿನಲ್ಲಿ. ಹೀಗಾಗಿ ಕತೆಯನ್ನು ದಡ ಸೇರಿಸಲು ಬರೆಯುವವರಿಗೆ ತಿಂಗಳುಗಟ್ಟಲೆ ಕಾಲಾವಕಾಶ ದೊರೆಯಿತು. ಕಂಪನಿಯ ಉದ್ದೇಶ ವ್ಯಾಪಾರವೇ ಆಗಿದ್ದರೂ ನೋಡುಗರ ಪಾಲಿಗೆ ಈ ಮರ್ಯಾದೆ ಸಣ್ಣದಲ್ಲ.

ನಮ್ಮ ವಾಹಿನಿಗಳೂ ಪ್ರಾಯೋಜಕರೊಂದಿಗೆ ಒಪ್ಪಂದ ಮಾಡಿಕೊಳ್ಳುವಾಗಲೇ, ಧಾರಾವಾಹಿ ನಿಲ್ಲಿಸಬೇಕಾಗಿ ಬಂದರೆ ಕತೆ ಮುಗಿಸಲು ಬೇಕಾದಷ್ಟು ಕಂತುಗಳ ವೆಚ್ಚ ಭರಿಸುವ ಷರತ್ತನ್ನು ಸೇರಿಸಬೇಕು. ಮುಕ್ತಾಯದ ದಿನಾಂಕವನ್ನು ತಿಂಗಳ ಮೊದಲೇ ತೆರೆಯ ಮೇಲೆ ತಿಳಿಸಬೇಕೆಂದು ವಿನಂತಿಸುತ್ತೇನೆ.

– ಓರ್ವ ಓದುಗ, ಬದಿಯಡ್ಕ, ಕಾಸರಗೋಡು